ನೋಡುದಕ್ಕೆ ಎಂತ ಖರ್ಚು?

ನನ್ನ ಕೋಳಿ ಅಂಗಡಿಯ ಪಕ್ಕದ ಕೋಣೆಗೆ ಎಟಿಎಂ ಮಿಷನ್ ಬಂದ ದಿನ ಅದರ ಪಿಕಪ್ಪೂ ಕೋಳಿ ಗಾಡಿಯೂ ಒಟ್ಟಿಗೇ ಬಂದು ನಿಂತವು. ಮೊದಲು ಕೋಳಿ ಇಳಿಸಿದೆವು. ಕೋಳಿಗೆ ಜೀವ ಇದೆ, ಬಿಸಿಲಿಗೆ ಸಾಯುತ್ತದೆ, ಮಿಷನ್ ಕಾಯುತ್ತದೆ.

ಅಂಗಡಿ ಇರುವುದು ಕಡಬದಿಂದ ಕೋಡಿಂಬಾಳದ ಕಡೆಗೆ ಹೋಗುವಾಗ ಸಿಗುವ, ಮೂರು ರಸ್ತೆ ಸೇರುವ ಒಂದು ಕೈಕಂಬದಲ್ಲಿ. ಮಿಷನ್ ಯಾವ ಬ್ಯಾಂಕಿನದ್ದೂ ಅಲ್ಲ, ಒಂದು ಕಂಪೆನಿಯದ್ದು. ಕೋಣೆ ನನ್ನದು, ಕರೆಂಟು ನನ್ನದು, ಒಳಗೆ ತುಂಬಿಸುವ ನೋಟೂ ನನ್ನದೇ. ಜನ ತೆಗೆದಷ್ಟು ಹಣ ಮರುದಿನ ನನ್ನ ಖಾತೆಗೆ ಬರುತ್ತದೆ. ಅದರ ಮೇಲೆ, ಕಾರ್ಡ್ ಹಾಕಿದ ಒಂದೊಂದು ಸಲಕ್ಕೂ ಕಮಿಷನ್: ಹಣ ತೆಗೆದರೆ ಕೆಲವು ರೂಪಾಯಿ, ಖಾತೆಯಲ್ಲಿ ಎಷ್ಟಿದೆ ಎಂದು ಬರೀ ನೋಡಿದರೆ ಒಂದೆರಡು. ಶರತ್ತು ಏನೆಂದರೆ, ದಿನಕ್ಕೆ ಸರಾಸರಿ ಎಪ್ಪತ್ತು ಸಲವಾದರೂ ಕಾರ್ಡ್ ಬೀಳಬೇಕು. ಮೂರು ತಿಂಗಳು ಅದಕ್ಕಿಂತ ಕೆಳಗೆ ಇಳಿದರೆ ಮಿಷನ್ ವಾಪಸು, ನಾನು ಕಟ್ಟಿದ ಡಿಪಾಸಿಟ್ಟಿನಲ್ಲೂ ಒಂದು ಪಾಲು ಹೋಯಿತು.

ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ನೋಡಿಕೊಳ್ಳುವ ಕಂಪೆನಿಯ ಆಫೀಸರ್ ಹತ್ತು ಹದಿನೈದು ಹಾಳೆ ಮುಂದಿಟ್ಟು, "ಓದಿ ನೋಡಿ ಅಣ್ಣ" ಎಂದರು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ. ಒಂದೊಂದು ಹಾಳೆಯನ್ನೂ ಹೊತ್ತು ತೆಗೆದುಕೊಂಡು ಮಗುಚಿ, "ನೋಡಿದೆ" ಎಂದೆ. ಅವರು ಬೆರಳು ಇಟ್ಟಲ್ಲೆಲ್ಲ ಸಹಿ ಹಾಕಿದೆ.

ಮೊದಲ ವಾರವೇ ಮಿಷನ್ ನನ್ನ ಮರ್ಯಾದೆ ತೆಗೆಯಿತು. ಕೋಳಿ ಅಂಗಡಿಯ ನೋಟು ಒಣಗಿರುವುದಿಲ್ಲ. ಕಡಿದ ಕೈಯಲ್ಲೇ ಹಣ ತೆಗೆದುಕೊಳ್ಳುವುದು, ಒದ್ದೆ ಕೈಯಲ್ಲೇ ಚಿಲ್ಲರೆ ಕೊಡುವುದು. ಆ ನೋಟುಗಳನ್ನೇ ಒಪ್ಪ ಮಾಡಿ ಮಿಷನ್ನಿನ ಒಳಗಿರುವ ನೋಟಿನ ಪೆಟ್ಟಿಗೆಗೆ ತುಂಬಿಸಿದೆ. ಎರಡು ನೋಟು ಅಂಟಿಕೊಂಡು ಬಂದರೆ ಮಿಷನ್ ಅದನ್ನು ಹೊರಗೆ ಕೊಡುವುದಿಲ್ಲ. ಬೇಡದ ನೋಟಿಗೆಂದೇ ಇರುವ ಇನ್ನೊಂದು ಡಬ್ಬಿಗೆ ತಳ್ಳುತ್ತದೆ. ಆ ಡಬ್ಬಿ ತುಂಬಿದರೆ ಕೆಲಸ ನಿಲ್ಲಿಸುತ್ತದೆ. ಮೂರು ದಿನದಲ್ಲಿ ನಾಲ್ಕು ಸಲ ನಿಂತಿತು. ಎದುರಿನ ಸ್ಟ್ಯಾಂಡಿನ ರಿಕ್ಷಾದವರಿಗೆ ಅದೇ ಹಬ್ಬ.

"ಎಂತ ಮಾರಾಯ್ರೆ, ನಿಮ್ಮ ನೋಟಿಗೆ ಸ್ವಲ್ಪ ಕಾಯಿತುರಿ ಹಾಕಿದ್ರೆ ಕೋಳಿ ಸುಕ್ಕ ಆಗ್ತದಲ್ಲ!"

ರಿಪೇರಿಯವರು ಸುಳ್ಯದಿಂದ ಬೈಕಿನಲ್ಲಿ ಬಂದರು. ಪೆಟ್ಟಿಗೆ ಎಳೆದು ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದರು. "ಇದು ನೋಟಿನ ಕ್ಯಾಸೆಟ್ಟಾ, ಮಾಂಸದ ಪ್ಲಾಸ್ಟಿಕ್ ತೊಟ್ಟೆಯಾ?"

ಕೆಲಸದಲ್ಲಿ ತಪ್ಪಾದರೆ ನಾನು ಎರಡನೇ ಸಲ ಹೇಳಿಸಿಕೊಳ್ಳುವವನಲ್ಲ. ಅಂದಿನಿಂದ ಅಂಗಡಿಯ ಹಣ ಕಡಬದ ಬ್ಯಾಂಕಿಗೆ ಕಟ್ಟಿ, ಅಲ್ಲಿಂದ ಒಣ ನೋಟು ತರಲು ಸುರುಮಾಡಿದೆ. ಬೆಳಿಗ್ಗೆ ಕತ್ತಿ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆದು, ಒರೆಸಿ, ನೋಟಿನ ಕಟ್ಟನ್ನು ಇಸ್ಪೀಟಿನ ಹಾಗೆ ಬಿಡಿಸಿ ಗಾಳಿ ಹಾಯಿಸಿ, ಎಲ್ಲ ನೋಟಿನ ಮುಖ ಒಂದೇ ಕಡೆ ಮಾಡಿ, ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿ ಇಡುವುದು. ಬಾಯಿಯವರೆಗೆ ತುಂಬಿಸಬಾರದು, ಸ್ಪ್ರಿಂಗಿಗೆ ಎರಡು ಬೆರಳು ಜಾಗ ಬಿಡಬೇಕು. ಮತ್ತೆ ನೋಟಿನ ತೊಂದರೆ ಆಗಲಿಲ್ಲ.

ನಮ್ಮ ಮಿಷನ್ನಿನ ದೊಡ್ಡ ಗಿರಾಕಿಗಳು ಬೀಡಿ ಕಟ್ಟುವ ಹೆಂಗಸರು. ಬೀಡಿಯ ಮಜೂರಿ ಈಗ ಕೈಗೆ ಬರುವುದಿಲ್ಲ, ವಾರಕ್ಕೊಮ್ಮೆ ಖಾತೆಗೆ ಬೀಳುತ್ತದೆ. ಶುಕ್ರವಾರ ಬೀಳಬೇಕು; ಶನಿವಾರವೂ ಆಗಬಹುದು, ಸೋಮವಾರವೂ ಆಗಬಹುದು. ಹಾಗಾಗಿ ಶುಕ್ರವಾರ ಮಧ್ಯಾಹ್ನದಿಂದಲೇ ಕಾರ್ಡ್ ಹಿಡಿದುಕೊಂಡು ಬರುತ್ತಿದ್ದರು. ಒಳಗೆ ಹೋದವರು ಹೊರಗೆ ಬರುವಾಗ ಉಳಿದವರು ತುಳುವಿನಲ್ಲಿ ಕೇಳುವುದು ಒಂದೇ ಮಾತು: "ಬತ್ತ್ಂಡಾ?" ಬಂತಾ ಎಂದು. ಒಬ್ಬರಿಗೆ ಬಂದರೆ ಎಲ್ಲರಿಗೂ ಬಂದ ಹಾಗೆ ಎಂದು ಗೊತ್ತಿದ್ದರೂ ಎಲ್ಲರೂ ಹೋಗಿ ನೋಡುತ್ತಿದ್ದರು. ಬಾರದಿದ್ದರೆ ಸಂಜೆ ಮತ್ತೆ, ಮರುದಿನ ಮತ್ತೆ.

ಯಾರಾದರೂ ಹಿಂದೆ ಮುಂದೆ ನೋಡಿದರೆ ನಾನೇ ಕತ್ತಿ ಹಿಡಿದುಕೊಂಡು ಅಂಗಡಿಯಿಂದ ಕೂಗುತ್ತಿದ್ದೆ: "ಹೋಗಿ ನೋಡಿ ಅಕ್ಕ, ನೋಡುದಕ್ಕೆ ಎಂತ ಖರ್ಚು?" ನಾನು ಹಾಗೇ ತಿಳಿದುಕೊಂಡಿದ್ದೆ. ಬೇರೆ ಬ್ಯಾಂಕಿನ ಮಿಷನ್ನಿನಿಂದ ತಿಂಗಳಿಗೆ ಐದು ಸಲ ಬಿಟ್ಟಿ, ಆಮೇಲೆ ಬ್ಯಾಂಕು ಚಾರ್ಜು ಕತ್ತರಿಸುತ್ತದೆ ಎಂದು ಗೊತ್ತಿತ್ತು. ಐದು ಸಲ ಎಂದರೆ ಐದು ಸಲ ತೆಗೆಯುವುದು ಎಂದೇ ನನ್ನ ಲೆಕ್ಕ. ಅವರು ನೋಡಿದರೆ ನನಗೆ ಕೌಂಟು, ಅವರಿಗೆ ಸಮಾಧಾನ. ದಿನಕ್ಕೆ ತೊಂಬತ್ತು, ನೂರು ಬೀಳುತ್ತಿತ್ತು. ಆಫೀಸರ್ ಫೋನಿನಲ್ಲಿ "ಮೂರು ತಾಲೂಕಿನಲ್ಲಿ ನಿಮ್ಮದೇ ಫಸ್ಟ್" ಎಂದಾಗ ರಿಕ್ಷಾದವರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

ಆಮೇಲೆ ಚಾರ್ಜು ಜಾಸ್ತಿಯಾಯಿತು. ಐದು ದಾಟಿದರೆ ಕತ್ತರಿಸುವ ಇಪ್ಪತ್ತು ಚಿಲ್ಲರೆಯ ಮೇಲೆ ಇನ್ನೆರಡು ರೂಪಾಯಿ, ಮೇಲಿಂದ ಟ್ಯಾಕ್ಸು. ಟಿವಿಯಲ್ಲಿ ಬಂತು. ಎರಡು ರೂಪಾಯಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನಾನು ತಿಳಿದೆ. ತಲೆ ಕೆಡಿಸಿಕೊಂಡದ್ದು ಎರಡು ರೂಪಾಯಿಗಲ್ಲ. ಆ ಸುದ್ದಿ ಕೇಳಿ ಜನ ಪಾಸ್‌ಬುಕ್ ಪ್ರಿಂಟ್ ಮಾಡಿಸಿದರು, ಆವರೆಗೆ ಕತ್ತರಿಸಿದ್ದೆಲ್ಲ ಆಗ ಕಣ್ಣಿಗೆ ಬಿತ್ತು.

ಕೌಂಟು ಇಳಿಯಿತು. ತೊಂಬತ್ತು ಇದ್ದದ್ದು ಅರುವತ್ತು, ಮತ್ತೆ ನಲವತ್ತೈದು. ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿಕೊಂಡಿದ್ದರು. ಶಾಲೆಯ ಮಾಷ್ಟ್ರು ವಾರಕ್ಕೊಮ್ಮೆ ಬರುತ್ತಿದ್ದವರು ತಿಂಗಳಿಗೆ ಒಂದೇ ಸಲ ಬಂದು ದೊಡ್ಡ ಮೊತ್ತ ತೆಗೆದು ಮನೆಯಲ್ಲಿಟ್ಟುಕೊಂಡರು. ರಬ್ಬರ್ ಟ್ಯಾಪಿಂಗಿನವರು ಧಣಿಯ ಹತ್ತಿರ "ಖಾತೆಗೆ ಬೇಡ, ಕೈಗೇ ಕೊಡಿ" ಎಂದರು. ಪ್ರಾಯದ ಹುಡುಗರು ಎಲ್ಲದಕ್ಕೂ ಫೋನ್ ತೋರಿಸಿದರು. ನನ್ನ ಕೋಳಿ ಅಂಗಡಿಯ ಗೋಡೆಯಲ್ಲೇ ಸ್ಕ್ಯಾನ್ ಮಾಡುವ ಚೀಟಿ ಇತ್ತು, ಅಂಟಿಸಿದ್ದು ನಾನೇ. ಆದರೆ ಬೀಡಿಯ ಹೆಂಗಸರು ಎಲ್ಲಿ ಹೋದರು ಎಂದು ಮಾತ್ರ ತಿಳಿಯಲಿಲ್ಲ. ಅವರ ಹತ್ತಿರ ಇರುವುದು ಬಟನ್ ಫೋನು.

ಒಂದು ಶನಿವಾರ ಬೆಳಿಗ್ಗೆ ಕಣ್ಣಾರೆ ಕಂಡೆ. ಏಳೆಂಟು ಜನ ನನ್ನ ಅಂಗಡಿಯ ಎದುರಿನ ಬಸ್ಸು ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದಾರೆ, ಕೈಯಲ್ಲಿ ಪರ್ಸು. ಅವರಲ್ಲಿ ಹಿರಿಯರಾದ ಒಬ್ಬರನ್ನು ನಾವೆಲ್ಲ ಬೀಡಿ ಅಕ್ಕ ಎಂದೇ ಕರೆಯುವುದು. ನಾನು ಅಂಗಡಿಯಿಂದ ಇಳಿದು ಹೋದೆ.

"ಎಲ್ಲಿಗೆ ಅಕ್ಕ, ದಿಬ್ಬಣವಾ?"

"ದಿಬ್ಬಣ ಎಂತದ್ದು. ಕಡಬಕ್ಕೆ, ಎಟಿಎಂಗೆ."

"ಹಾಗಾದ್ರೆ ಇಲ್ಲಿ ಇರುದು ಎಂತ, ಕೋಳಿ ಗೂಡಾ?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಗೂಡೇ. ಒಳಗೆ ಹೋದವರ ಪುಕ್ಕ ಕಿತ್ತೇ ಹೊರಗೆ ಬಿಡುದು."

ಪರ್ಸಿನಿಂದ ಪಾಸ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟರು. ಇಂಗ್ಲಿಷ್ ಅಕ್ಷರ ನನಗೆ ತಿಳಿಯಲಿಲ್ಲ, ಅಂಕೆ ತಿಳಿಯಿತು. ಮಜೂರಿ ಬಂದ ಒಂದೊಂದು ಸಾಲಿನ ಕೆಳಗೂ ಹತ್ತು ಚಿಲ್ಲರೆ, ಇಪ್ಪತ್ತು ಚಿಲ್ಲರೆ ಎಂದು ಕತ್ತರಿಸಿದ ಸಾಲುಗಳು. ಬ್ಯಾಂಕಿನವರು ಅವರಿಗೆ ಬಿಡಿಸಿ ಹೇಳಿದ್ದರು: ಬೇರೆ ಮಿಷನ್ನಿನಲ್ಲಿ ಬರೀ ನೋಡಿದರೂ ಐದರಲ್ಲಿ ಒಂದು ಮುಗಿಯುತ್ತದೆ. ಐದು ಮುಗಿದ ಮೇಲೆ ನೋಡಿದರೂ ಚಾರ್ಜು, ತೆಗೆದರೂ ಚಾರ್ಜು. ನಮ್ಮ ಮಿಷನ್ ಯಾವ ಬ್ಯಾಂಕಿನದ್ದೂ ಅಲ್ಲದ ಕಾರಣ ಎಲ್ಲರ ಕಾರ್ಡಿಗೂ ಬೇರೆ ಮಿಷನ್ನೇ.

"ನೀವೇ ಹೇಳಿದ್ದಲ್ವಾ ಅಣ್ಣ, ನೋಡುದಕ್ಕೆ ಎಂತ ಖರ್ಚು ಅಂತ? ನಾನು ನೋಡಿದ್ದೇ ನೋಡಿದ್ದು. ಸಾವಿರ ಬೀಡಿಯ ಮಜೂರಿ ನೋಡಿಯೇ ಮುಗಿಸಿದೆ."

"ಕಡಬಕ್ಕೆ ಹೋಗಿ ಬರ್ಲಿಕ್ಕೆ ಅರ್ಧ ದಿನ ಬೇಡ್ವಾ?" ಎಂದೆ. ಪಾಸ್‌ಬುಕ್ ವಾಪಸು ಕೊಟ್ಟೆ.

"ಬೇಕು. ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೇಟಿಲ್ಲ. ಅಲ್ಲಿ ನಮ್ಮದೇ ಬ್ಯಾಂಕಿನ ಮಿಷನ್ ಉಂಟು, ಎಷ್ಟು ನೋಡಿದ್ರೂ ಕತ್ತರಿಸುದಿಲ್ಲ. ಅರ್ಧ ದಿನಕ್ಕೆ ಮುನ್ನೂರು ಬೀಡಿ ಹೋಗ್ತದೆ. ಅದು ಗೊತ್ತಿದ್ದು ಹೋಗುದು. ನಿಮ್ಮಲ್ಲಿ ಹೋದದ್ದು ಗೊತ್ತಿಲ್ಲದೆ."

ಬಸ್ಸು ಬಂತು. ಎಲ್ಲರೂ ಆಧಾರ್ ಕಾರ್ಡ್ ಹಿಡಿದುಕೊಂಡು ಹತ್ತಿದರು.

ಆಫೀಸರಿಗೆ ಫೋನ್ ಮಾಡಿದೆ. "ಹೌದು ಅಣ್ಣ, ನೋಡಿದ್ರೂ ಲೆಕ್ಕವೇ. ಕತ್ತರಿಸುದು ಅವರವರ ಬ್ಯಾಂಕು, ನಾವಲ್ಲ. ಕಾರ್ಡಿನ ನಿಯಮ ಎಲ್ಲ ನಿಮಗೆ ಕೊಟ್ಟ ಹಾಳೆಯಲ್ಲೂ ಉಂಟಲ್ಲ. ನೀವು ನೋಡಿದೆ ಅಂದ್ರಿ." ನಾನು ಫೋನ್ ಇಟ್ಟೆ. ಇಪ್ಪತ್ತು ವರ್ಷ ಕೋಳಿ ತೂಗಿದ್ದೇನೆ, ತಕ್ಕಡಿಯ ಮುಳ್ಳು ಒಂದು ಗೆರೆ ಆಚೀಚೆ ಹೋಗಲು ಬಿಟ್ಟವನಲ್ಲ. ನನ್ನ ಬಾಯಿಯಿಂದ ಅಷ್ಟು ಜನರಿಗೆ ನಷ್ಟವಾಗಿತ್ತು. ನೋಡಿದ ಒಂದೊಂದು ಸಲಕ್ಕೂ ನನಗೆ ಕಮಿಷನ್ ಬಂದಿತ್ತು ಎಂಬುದೂ ಸುಳ್ಳಲ್ಲ.

ಅಂದೇ ರಟ್ಟಿನ ತುಂಡಿನಲ್ಲಿ ಬೋರ್ಡು ಬರೆದು ಮಿಷನ್ನಿನ ಬಾಗಿಲಿಗೆ ಕಟ್ಟಿದೆ: "ಹಣ ಬಂತಾ ಎಂದು ನೋಡಬೇಡಿ. ನೇರ ತೆಗೆಯಿರಿ." ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ.

ಎರಡು ವಾರ ಕಳೆದು ಒಬ್ಬ ಟ್ಯಾಪಿಂಗಿನವ ಬಂದ. ಮೇಲಿನ ರಬ್ಬರ್ ತೋಟದಲ್ಲಿ ಕೆಲಸ, ಅಲ್ಲಿಯ ಧಣಿ ಇನ್ನೂ ಖಾತೆಗೇ ಹಾಕುವವರು. ಅವನ ಮನೆಮಾತು ಮಲಯಾಳ. "ಚೇಟ್ಟಾ, ನಿಮ್ಮ ಬೋರ್ಡು ಓದಿ ನಾನು ನೋಡ್ಲಿಲ್ಲ, ನೇರ ತೆಗೆದೆ. ಹಣ ಇಲ್ಲ ಅಂತ ಬಂತು. ಮತ್ತೆ ಹಾಕಿದೆ, ಮತ್ತೆ ಇಲ್ಲ. ಮೂರು ಸಲ. ಮೂರಕ್ಕೂ ಕತ್ತರಿಸಿದ್ದಾರೆ."

ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಕೇಳಿದರೆ ಅದಕ್ಕೂ ದಂಡ ಉಂಟು, ಅದು ನೋಡುವ ಚಾರ್ಜಿಗಿಂತಲೂ ಹೆಚ್ಚು. ನನಗೆ ಅದೂ ಗೊತ್ತಿರಲಿಲ್ಲ. ಕುರುಡ ಇನ್ನೊಬ್ಬನ ಕೈ ಹಿಡಿದು ತೋಡು ದಾಟಿಸಿದ ಹಾಗಾಯಿತು. ಒಂದು ಕೋಳಿ ಕಡಿದು ಅವನ ಕೈಗೆ ಕೊಟ್ಟೆ, ಹಣ ತೆಗೆದುಕೊಳ್ಳಲಿಲ್ಲ. ಬೋರ್ಡು ಕಿತ್ತು ಒಳಗೆ ತಂದಾಗ ಹೆಂಡತಿ ಹೇಳಿದಳು: "ತಪ್ಪಿಗೊಂದು ಕೋಳಿ ಅಂತ ಆದ್ರೆ ಗೂಡು ಖಾಲಿ ಆಗ್ತದೆ. ಗೊತ್ತಿದ್ದವರ ಹತ್ರ ಒಮ್ಮೆ ಹೋಗಿ ಕೇಳಿ. ಕೇಳಿದ್ರೆ ಮೂಗು ಉದುರುದಿಲ್ಲ."

ಮರುದಿನ ಅಂಗಿ ಬದಲಾಯಿಸಿ ಕಡಬದ ಬ್ಯಾಂಕಿಗೆ ಹೋದೆ. ಹಣ ಕಟ್ಟುವ ಕೌಂಟರಿನ ಮೇಡಂಗೆ ನನ್ನ ಪರಿಚಯ ಇತ್ತು, ದಿನಾ ಒಣ ನೋಟು ಕೇಳುವವ ಎಂದು. ಅವರ ಎದುರು ನಿಂತು, "ಮೇಡಂ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕಾರ್ಡ್ ಹಾಕದೆ, ಬ್ಯಾಂಕಿಗೂ ಬಾರದೆ, ಹಣ ಬಂತಾ ಅಂತ ತಿಳಿಯುವ ದಾರಿ ಉಂಟಾ?" ಎಂದು ಕೇಳಿದೆ. ಆ ಮೊದಲನೆಯ ವಾಕ್ಯವನ್ನು ನಾನು ಹೊರಗಿನವರ ಎದುರು ಹೇಳಿದ್ದು ಅದೇ ಮೊದಲು.

ಅವರು ತಲೆ ಎತ್ತದೆಯೇ ಹೇಳಿದರು: "ಮಿಸ್ ಕಾಲ್ ಕೊಡಿ. ನಂಬರ್ ಉಂಟು. ಒಂದು ಪೈಸೆ ಇಲ್ಲ."

ಅಷ್ಟು ಸುಲಭದ್ದು. ಒಂದೊಂದು ಬ್ಯಾಂಕಿಗೆ ಒಂದೊಂದು ನಂಬರ್. ನಮ್ಮ ಕಡೆಯ ಹೆಂಗಸರ ಖಾತೆ ಇರುವ ಮೂರು ಬ್ಯಾಂಕಿಗೂ ನಡೆದು ಹೋಗಿ ನಂಬರ್ ಕೇಳಿ ಕೋಳಿ ಬಿಲ್ಲಿನ ಹಿಂದೆ ಬರೆದುಕೊಂಡೆ. ಶನಿವಾರ ಬಸ್ಸಿನ ಹೊತ್ತಿಗೆ ನಿಲ್ದಾಣದಲ್ಲಿ ನಿಂತು, "ಅಕ್ಕ, ಒಂದು ಬಸ್ಸು ಬಿಡಿ. ನನ್ನ ಮೇಲೆ ಸಿಟ್ಟಿದ್ರೆ ಮುಂದಿನ ಬಸ್ಸಲ್ಲಿ ಹೋಗಿ" ಎಂದೆ. ಬೀಡಿ ಅಕ್ಕ, "ಆಯ್ತು, ಪುಕ್ಕ ಹೇಗೂ ಉಳಿದಿಲ್ಲ" ಎಂದು ಬಂದು ಬೆಂಚಿನಲ್ಲಿ ಕೂತರು.

ಕೆಲಸ ಹೀಗೆ. ಬಟನ್ ಫೋನಿನಲ್ಲಿ ಬ್ಯಾಂಕಿನ ನಂಬರ್ ಹಾಕಿ ಐದನೇ ಬಟನ್ನಿಗೆ ಕಟ್ಟಿಡುವುದು. ಐದನ್ನು ಒತ್ತಿ ಹಿಡಿದರೆ ಕಾಲ್ ಹೋಗುತ್ತದೆ, ಎರಡು ರಿಂಗಾಗಿ ತಾನೇ ಕಡಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮೆಸೇಜು ಬರುತ್ತದೆ. ಮೆಸೇಜು ಇಂಗ್ಲಿಷಿನಲ್ಲೇ, ಆದರೆ ಅಂಕೆಗೆ ಭಾಷೆ ಇಲ್ಲ. ಬೀಡಿ ಅಕ್ಕನ ಫೋನಿಗೆ ಬಂದಾಗ ಅವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಬತ್ತ್ಂಡ್!" ಎಂದರು. ಬಂದಿದೆ! ಮಿಷನ್ನಿಗೆ ಹೋಗಿ ಒಂದೇ ಸಲಕ್ಕೆ ತೆಗೆದರು.

ಎಲ್ಲರಿಗೂ ಹಾಗಾಗಲಿಲ್ಲ. ಹತ್ತರಲ್ಲಿ ಆರು ಜನರಿಗೆ ಮೆಸೇಜೇ ಇಲ್ಲ. ಖಾತೆ ತೆರೆಯುವಾಗ ಕೊಟ್ಟ ನಂಬರ್ ಒಬ್ಬರದ್ದು ಗಂಡನದ್ದು, ಒಬ್ಬರದ್ದು ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರದ್ದು, ಇನ್ನೊಬ್ಬರದ್ದು ಸತ್ತುಹೋದ ಸಿಮ್ಮಿನದ್ದು. ನಂಬರ್ ಬದಲಿಸಲು ಅರ್ಜಿ ಬೇಕು, ಆಧಾರ್ ಜೆರಾಕ್ಸ್ ಬೇಕು, ಸಹಿಯೋ ಹೆಬ್ಬೆಟ್ಟೋ ಬೇಕು. ಹೆಂಡತಿ ಹತ್ತನೇ ಕ್ಲಾಸು ಪಾಸಾದವಳು. ನಾನು ಬ್ಯಾಂಕಿನಿಂದ ಖಾಲಿ ಅರ್ಜಿಗಳನ್ನು ತಂದೆ, ಅವಳು ಮಸಾಲೆಯ ಡಬ್ಬಿಗಳ ಪಕ್ಕ ಕೂತು ತುಂಬಿಸಿದಳು. ಆರು ವಾರ ಹಿಡಿಯಿತು. ಪ್ರತಿಯೊಬ್ಬರೂ ಒಂದು ಸಲ ಕಡಬಕ್ಕೆ ಹೋಗಲೇಬೇಕಾಯಿತು, ಅದಕ್ಕೂ ಬೈಸಿಕೊಂಡೆ.

ಹೊಸ ಬೋರ್ಡಿನ ಮಾತನ್ನು ಈ ಸಲ ಮೊದಲು ಹೆಂಡತಿಗೆ ಓದಿ ಹೇಳಿ, ತಗಡಿನ ಮೇಲೆ ಪೈಂಟಿನಲ್ಲಿ ಬರೆದು, ಮಿಷನ್ನಿನ ಬಾಗಿಲಿನ ಮೇಲೆ ಮೊಳೆ ಹೊಡೆದು ಹಾಕಿದೆ: "ಬರೀ ನೋಡಲು ಕಾರ್ಡ್ ಹಾಕಬೇಡಿ, ಅದೂ ಒಂದು ಸಲ ಎಂದು ಲೆಕ್ಕ. ಫೋನಿನಲ್ಲಿ ನೋಡಿ, ಬಂದಿದ್ದರೆ ತೆಗೆಯಿರಿ. ವಾರಕ್ಕೆ ಒಂದೇ ಸಲ ತೆಗೆದರೆ ಚಾರ್ಜು ಇಲ್ಲ. ಗೊತ್ತಿಲ್ಲದವರು ಕೋಳಿ ಅಂಗಡಿಯಲ್ಲಿ ಕೇಳಿ." ಬೀಡಿ ಅಕ್ಕ ಮಗಳ ಬಾಣಂತನಕ್ಕೆ ಸುಳ್ಯಕ್ಕೆ ಹೊರಟವರು ಅದನ್ನು ನಿಂತು ಪೂರಾ ಓದಿದರು. "ಒಳ್ಳೆದಾಯ್ತು. ಕಂಪೆನಿಯವರು ಬಿಡ್ತಾರಾ?"

"ಮಿಷನ್ ಹೋದ್ರೂ ಈ ಬೋರ್ಡು ಹೋಗುದಿಲ್ಲ" ಎಂದೆ. ರಿಕ್ಷಾದವರು ಎಲ್ಲ ಕೇಳಿಸಿಕೊಂಡಿದ್ದರು.

ತಿಂಗಳ ಕೊನೆಯ ವಾರ ಆಫೀಸರ್ ಬಂದರು. ಬರೀ ನೋಡುವುದು ನಿಂತ ಕಾರಣ ಕೌಂಟು ನಲವತ್ತಕ್ಕೆ ಇಳಿದಿತ್ತು. ಮೂರು ತಿಂಗಳ ಅವಧಿ ಮುಗಿಯಲು ನಾಲ್ಕು ದಿನ. ಬೋರ್ಡಿನ ಫೋಟೋ ಯಾರೋ ಅವರ ಮೇಲಿನವರಿಗೆ ಕಳಿಸಿದ್ದರು.

"ಅಣ್ಣ, ಯಾರಾದ್ರೂ ತನ್ನ ಅಂಗಡಿ ಎದುರು 'ಕೋಳಿ ತಿನ್ನಬೇಡಿ' ಅಂತ ಬೋರ್ಡು ಹಾಕ್ತಾರಾ?"

"ಹಳಸಿದ ಕೋಳಿ ಆದ್ರೆ ಹಾಕ್ತೇನೆ" ಎಂದೆ.

ಅವರಿಗೆ ನಗು ಬಂತು, ಆದರೆ ಮಾತು ಬದಲಾಗಲಿಲ್ಲ. ಬೋರ್ಡು ತೆಗೆದರೆ ಇನ್ನು ಮೂರು ತಿಂಗಳು ಕೊಡಿಸಲು ಅವರು ಕೇಳಿ ನೋಡುತ್ತಾರೆ. ತೆಗೆಯದಿದ್ದರೆ ಒಂದನೇ ತಾರೀಕಿಗೆ ಗಾಡಿ ಬರುತ್ತದೆ.

ಆ ದಿನ ಭಾನುವಾರ, ವ್ಯಾಪಾರದ ದಿನ. ಕಡಿಯುತ್ತಾ ಕಡಿಯುತ್ತಾ ಯೋಚಿಸಿದೆ. ತಗೊಂಡು ಹೋಗಿ ಎಂದು ಹೇಳಲು ನಾಲಿಗೆ ತುದಿಯವರೆಗೆ ಬಂದಿತ್ತು. ಹೇಳಿದರೆ ಊರಿನಲ್ಲಿ ನನ್ನ ಹೆಸರು ನಿಲ್ಲುತ್ತಿತ್ತು. ಆದರೆ ಮಿಷನ್ ಹೋದರೆ ಹೆಂಗಸರು ಮತ್ತೆ ಬಸ್ಸಿನಲ್ಲಿ. ಈಗ ಅವರಿಗೆ ನೋಡಲು ಫೋನು ಉಂಟು, ತೆಗೆಯಲು ಮಾತ್ರ ಕಡಬ. ಅರ್ಧ ದಿನದ ಮುನ್ನೂರು ಬೀಡಿ, ಅಷ್ಟೂ ಜನರದ್ದು, ನನ್ನ ಒಂದು ತಗಡಿಗಾಗಿ. ಬೋರ್ಡು ಉಳಿದರೆ ಯಾರಿಗೆ ಓದಲಿಕ್ಕೆ? ಖಾಲಿ ಕೋಣೆಗಾ?

ಕೈ ತೊಳೆದು, ಏಣಿ ಇಟ್ಟು, ನಾನೇ ಬಿಚ್ಚಿದೆ. ರಿಕ್ಷಾ ಸ್ಟ್ಯಾಂಡಿನಿಂದ ಒಬ್ಬರು, "ಓ ಮಾರಾಯ್ರೆ, ಹೋಗುದಿಲ್ಲ ಅಂತ ಹೇಳಿದ್ದು ಯಾವುದು, ಮಿಷನ್ನಾ ಬೋರ್ಡಾ?" ಎಂದರು. ನಾನು ತಗಡು ಹಿಡಿದು ಏಣಿ ಇಳಿದೆ.

ಬೋರ್ಡು ತೆಗೆಯಲು ಹೇಳಿದ್ದರು, ಬಾಯಿ ಮುಚ್ಚಲು ಯಾರೂ ಹೇಳಿರಲಿಲ್ಲ. ಕೋಳಿ ಕಡಿಯುವ ಮರದ ಕೊರಡನ್ನು ಎಳೆದು ಮಿಷನ್ನಿನ ಬಾಗಿಲು ಕಾಣುವ ಮೂಲೆಗೆ ಹಾಕಿಕೊಂಡೆ. ಯಾರು ಕಾರ್ಡ್ ಹಿಡಿದು ಬಂದರೂ ಅಲ್ಲಿಂದಲೇ ಕೇಳುವುದು: "ತೆಗೆಯುದಾ, ನೋಡುದಾ?" ನೋಡುದು ಎಂದರೆ, "ಇಲ್ಲಿ ಬನ್ನಿ, ಫೋನ್ ಕೊಡಿ." ನಾನು ಸಂತೆಗೆ ಹೋದ ದಿನ ಹೆಂಡತಿ ಕೇಳುತ್ತಿದ್ದಳು.

ಆಫೀಸರ್ ಕೇಳಿ ಮೂರು ತಿಂಗಳು ಕೊಡಿಸಿದರು. ಮೊದಲ ತಿಂಗಳು ಐವತ್ತು ದಾಟಲಿಲ್ಲ. ಎರಡನೇ ತಿಂಗಳು ಹೆಂಗಸರು ಹೆಂಗಸರಿಗೆ ಹೇಳಿ, ಆಚೆ ಊರಿನ ಬೀಡಿಯವರೂ ಬರಲು ಸುರುವಾಯಿತು. ಟ್ಯಾಪಿಂಗಿನವ ತನ್ನ ಜೊತೆಯವರನ್ನು ಕರೆದುಕೊಂಡು ಬಂದ. ಮಾಷ್ಟ್ರು ಬರಲಿಲ್ಲ, ಅವರಿಗೆ ತಿಂಗಳಿಗೊಮ್ಮೆಯದ್ದೇ ಅಭ್ಯಾಸವಾಗಿತ್ತು. ಫೋನಿಗೆ ಹೋದ ಹುಡುಗರೂ ಬರಲಿಲ್ಲ, ಅವರು ಇನ್ನು ಬರುವವರೂ ಅಲ್ಲ. ಮೂರನೇ ತಿಂಗಳು ಆಫೀಸರ್ ಫೋನ್ ಮಾಡಿ, "ಎಪ್ಪತ್ತೆರಡು ಅಣ್ಣ. ಎಲ್ಲ ತೆಗೆದದ್ದೇ, ನೋಡಿದ್ದು ಇಲ್ಲವೇ ಇಲ್ಲ. ಮಿಷನ್ ಅಲ್ಲಿಯೇ ಇರಲಿ ಅಂದಿದ್ದಾರೆ" ಎಂದರು. ಈ ಸಲ ಸ್ಪೀಕರ್ ಹಾಕಲಿಲ್ಲ. ಎಪ್ಪತ್ತೆರಡು ಎಂದರೆ ಎಪ್ಪತ್ತಕ್ಕಿಂತ ಎರಡೇ ಹೆಚ್ಚು.

ಅದೇ ವಾರ ಬೀಡಿ ಅಕ್ಕ ಸುಳ್ಯದಿಂದ ವಾಪಸು ಬಂದರು. ಶನಿವಾರ ಮಿಷನ್ನಿನ ಬಾಗಿಲಿನ ಎದುರು ನಿಂತು ಮೇಲೆ ನೋಡಿದರು. ತಗಡು ಇದ್ದಲ್ಲಿ ನಾಲ್ಕು ಮೊಳೆಯ ತೂತು.

"ಬೋರ್ಡು ಎಲ್ಲಿ?"

"ತೆಗೆದೆ."

"ಹೆದರಿದಿರಾ ಅಣ್ಣ?"

ರಿಕ್ಷಾದವರು ಮೂರು ತಿಂಗಳಿನಿಂದ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತಿದ್ದರು. ಅವರಿಗೆ ಕೊಟ್ಟ ಜವಾಬುಗಳು ನನ್ನ ಹತ್ತಿರ ಬೇಕಾದಷ್ಟಿದ್ದವು.

"ಹೌದು ಅಕ್ಕ," ಎಂದೆ, "ಹೆದರಿದೆ."

ಅಕ್ಕ ತಲೆ ಆಡಿಸಿ ಒಳಗೆ ಹೋದರು. ಮಿಷನ್ ನೋಟು ಎಣಿಸುವ ಸದ್ದು ಅಂಗಡಿಗೆ ಕೇಳಿತು. ಹೊರಗೆ ಬಂದು ಹಣ ಪರ್ಸಿಗೆ ಹಾಕಿಕೊಂಡರು. "ಅರ್ಧ ಕೆಜಿ ಕೊಡಿ. ಬೇಗ ಆಗ್ಬೇಕು, ಬೀಡಿ ಎಲೆ ನೀರಿಗೆ ಹಾಕಿ ಬಂದಿದ್ದೇನೆ."

ತೂಗಿ ಕೊಟ್ಟೆ. ಕಡಬದ ಬಸ್ಸು ಬಂದು ನಿಂತಿತು. ಅದರ ಹಿಂದಿನಿಂದ ರಸ್ತೆ ದಾಟಿ ಅಕ್ಕ ಮನೆಯ ದಾರಿ ಹಿಡಿದರು.